ಗಾಜಿನ ಪೆಟ್ಟಿಗೆಯ ಚಿರತೆ ಹಲ್ಲಿ ಮತ್ತು ನಮ್ಮ ಬೆಟ್ಟ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ಶಿಬಿರಗಳಲ್ಲಿ ನದಿ ತಿರುವಿನ ಯೋಜನೆಗಳ ಬಗ್ಗೆ, ಅಕೇಶಿಯಾ ನೆಡುತೋಪುಗಳ ಬಗ್ಗೆ, ಗುಡ್ಡ ಕುಸಿತದ ಬಗ್ಗೆ, ಸೊಪ್ಪಿನಬೆಟ್ಟದ ಹಕ್ಕಿನ ಬಗ್ಗೆ ಅನೇಕ ಮಾತುಗಳು ನಡೆದಿವೆ. ಅಂಥ ದೊಡ್ಡ ವಿಷಯಗಳ ನಡುವೆ ಗೇಣುದ್ದದ ಒಂದು ಹಲ್ಲಿಯ ಕುರಿತು ಮಾತನಾಡಲು ನಿಂತಿರುವುದನ್ನು ಕಂಡು ಕೆಲವರಿಗೆ ನಗು ಬಂದರೂ ಬಂದೀತು. ಆದರೆ ಈ ಹಲ್ಲಿಯ ಹಿಂದೆ ಒಂದು ಪ್ರಶ್ನೆಯಿದೆ. ಪೇಟೆಯವರು ಸಾಕಿ ಬೇಡವಾದ ಜೀವಿಗಳನ್ನು ಎಲ್ಲಿ ಬಿಡಬೇಕು ಎಂಬುದೇ ಆ ಪ್ರಶ್ನೆ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ಮಲೆನಾಡಿನಲ್ಲಿ ಕಾಡಿದೆಯಲ್ಲ, ಅಲ್ಲಿ ಬಿಟ್ಟರಾಯಿತು' ಎಂಬುದು.

ಈ ಉತ್ತರದ ರುಚಿ ನಮಗೆ ಹೊಸದಲ್ಲ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ಘಟ್ಟದ ರಸ್ತೆಯಂಚಿನಲ್ಲಿ ಇಳಿಸಿ ಹೋದರೆ ಅವು ಮರುದಿನ ಯಾರ ಬಾಳೆಗೊನೆಗೆ, ಯಾರ ಏಲಕ್ಕಿ ಹಿಂಡಿಗೆ ಕೈಹಾಕುತ್ತವೆ ಎಂಬುದನ್ನು ತೋಟವಿರುವ ಯಾರಿಗೂ ವಿವರಿಸಬೇಕಾಗಿಲ್ಲ. ಈಗ ಆ ಸಾಲಿಗೆ ಅಂಗಡಿಯಲ್ಲಿ ಕೊಂಡ ವಿದೇಶಿ ಜೀವಿಗಳೂ ಸೇರತೊಡಗಿವೆ. ಅವುಗಳಲ್ಲೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಸಾಕುವುದೆಂದರೆ ಏನು, ಬೇಡದ ಸಂತಾನ ಹೇಗೆ ಹುಟ್ಟುತ್ತದೆ, ಅದು ಬೆಟ್ಟದವರೆಗೆ ಬರದಂತೆ ತಡೆಯುವುದು ಹೇಗೆ ಎಂಬ ಮೂರು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ.

ಇದು ಎಂಥ ಹಲ್ಲಿ?

ಮೈಮೇಲೆ ಚಿರತೆಯಂತೆ ಕಪ್ಪು ಚುಕ್ಕೆಗಳಿರುವುದರಿಂದ ಇದನ್ನು ಲೆಪರ್ಡ್ ಗೆಕೊ, ಅಂದರೆ ಚಿರತೆ ಹಲ್ಲಿ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲಾರಿಯಸ್. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ಮೊದಲು ವರ್ಣಿಸಿದ. ಹೆಸರಿನ ಮೊದಲ ಭಾಗಕ್ಕೆ 'ನಿಜವಾದ ರೆಪ್ಪೆಯುಳ್ಳದ್ದು' ಎಂದು ಅರ್ಥ. ನಮ್ಮ ಮನೆಯ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ. ಅದು ನಾಲಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿ ಮಾತ್ರ ಕಣ್ಣು ಮುಚ್ಚಿ ತೆರೆಯಬಲ್ಲದು. ಮನೆಹಲ್ಲಿಯ ಬೆರಳಿನ ಅಡಿಯಲ್ಲಿರುವ ಅಂಟುವ ಪದರಗಳು ಇದಕ್ಕಿಲ್ಲ. ಆದ್ದರಿಂದ ಇದು ಗೋಡೆ ಹತ್ತದೆ ನೆಲದ ಮೇಲೆ ನಡೆಯುತ್ತದೆ. ದಪ್ಪನೆಯ ಬಾಲದಲ್ಲಿ ಕೊಬ್ಬನ್ನು ಕೂಡಿಟ್ಟುಕೊಂಡು ಆಹಾರವಿಲ್ಲದ ದಿನಗಳನ್ನು ಕಳೆಯುತ್ತದೆ. ಬೆಳೆದ ಹಲ್ಲಿಯ ಉದ್ದ 20ರಿಂದ 25 ಸೆಂಟಿಮೀಟರ್. ಇದಕ್ಕೆ ವಿಷವಿಲ್ಲ.

ಇದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯುವ್ಯ ಭಾಗದ ಒಣ ಕಲ್ಲುಗುಡ್ಡಗಳು, ಕುರುಚಲು ಹುಲ್ಲುಗಾವಲುಗಳು. ಹಗಲು ಕಲ್ಲಿನ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಯಲ್ಲಿ ಹೊರಬಂದು ಕೀಟಗಳನ್ನು ಹಿಡಿಯುತ್ತದೆ. ಈ ಕುಲದ ಬೇರೆ ಹಲ್ಲಿಗಳು ನಮ್ಮ ದೇಶದಲ್ಲೇ ಇವೆ. ಪೂರ್ವ ಭಾರತದಲ್ಲಿ ಯೂಬ್ಲೆಫಾರಿಸ್ ಹಾರ್ಡ್‌ವಿಕಿ, ಸಾತ್ಪುಡಾ ಬೆಟ್ಟಗಳಲ್ಲಿ 2014ರಲ್ಲಿ ಹೆಸರು ಪಡೆದ ಯೂಬ್ಲೆಫಾರಿಸ್ ಸಾತ್ಪುರೆನ್ಸಿಸ್, ಮಹಾರಾಷ್ಟ್ರ, ಗುಜರಾತ್ ಹಾಗೂ ಕರ್ನಾಟಕದ ಉತ್ತರದ ಒಣಭೂಮಿಯಲ್ಲಿ ಯೂಬ್ಲೆಫಾರಿಸ್ ಫಸ್ಕಸ್. ಘಟ್ಟದ ಮೇಲಿನ ನಮ್ಮ ಮಳೆಕಾಡಿನಲ್ಲಿ ಈ ಕುಲದ ಒಂದೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಈ ಹಲ್ಲಿ ಅಮೆರಿಕ, ಯೂರೋಪುಗಳಲ್ಲಿ ಮನೆಸಾಕಣೆಯ ಪ್ರಾಣಿಯಾಯಿತು. ಸಾಧು ಸ್ವಭಾವ, ಸಣ್ಣ ಗಾತ್ರ, ಕೂಡಿಹಾಕಿದಲ್ಲೂ ಸುಲಭವಾಗಿ ಮೊಟ್ಟೆಯಿಡುವ ಗುಣ ಇದಕ್ಕೆ ಕಾರಣ. ಇಂದು ನಮ್ಮ ಮಹಾನಗರಗಳಲ್ಲಿಯೂ ಇದನ್ನು ಸಾಕುವ ಹವ್ಯಾಸವಿದೆ. ಊರಿನಿಂದ ಬೆಂಗಳೂರಿಗೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳೂ ಆ ಹವ್ಯಾಸಕ್ಕೆ ಹೊರತಲ್ಲ. ಕೆಲಸ ಬದಲಾದಾಗ, ಬಾಡಿಗೆ ಮನೆಯ ಯಜಮಾನರು ಆಕ್ಷೇಪಿಸಿದಾಗ, ಮದುವೆ ಗೊತ್ತಾದಾಗ ಗಾಜಿನ ಪೆಟ್ಟಿಗೆ ಊರಿನ ಬಸ್ಸು ಹತ್ತುತ್ತದೆ.

ಸಾಕುವವನ ಮೇಲಿನ ಋಣ

ನಾನು ಇಲ್ಲಿ ಯಾರಿಗೂ ಈ ಹಲ್ಲಿಯನ್ನು ಸಾಕಿರೆಂದು ಹೇಳುತ್ತಿಲ್ಲ. ಆದರೆ ಸಾಕಿರುವವರು ಇದ್ದಾರೆ. ಅವರ ಮನೆಯಲ್ಲಿರುವ ಜೀವಕ್ಕೂ ನೆಮ್ಮದಿಯಿಂದ ಬದುಕುವ ಹಕ್ಕಿದೆ. ಕೊಟ್ಟಿಗೆಯಲ್ಲಿ ದನ ಕಟ್ಟಿದವನು ಹುಲ್ಲು, ನೀರು, ಸೊಪ್ಪಿನ ಹಾಸು ಕೊಡಲೇಬೇಕು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ಧರ್ಮ. ಹಲ್ಲಿಗೂ ಅದೇ ಧರ್ಮ ಅನ್ವಯಿಸುತ್ತದೆ.

ಮೊದಲನೆಯದು ಆಯುಸ್ಸು. ಚೆನ್ನಾಗಿ ನೋಡಿಕೊಂಡರೆ ಈ ಹಲ್ಲಿ 15ರಿಂದ 20 ವರ್ಷ ಬದುಕುತ್ತದೆ. ಪಿಯುಸಿ ಓದುವ ಹುಡುಗ ಇಂದು ಒಂದು ಮರಿ ತಂದರೆ, ಅವನ ಮಗು ಶಾಲೆಗೆ ಹೋಗುವ ಕಾಲದಲ್ಲಿಯೂ ಅದು ಜೀವಂತವಾಗಿರಬಹುದು. ಅಷ್ಟು ವರ್ಷದ ಹೊಣೆಯನ್ನು ಹೊರಲು ಸಿದ್ಧನಿದ್ದೇನೆಯೇ ಎಂದು ಕೇಳಿಕೊಳ್ಳದೆ ತರುವುದು ತಪ್ಪು.

ಎರಡನೆಯದು ಜಾಗ. ಅಂಗಡಿಯಲ್ಲಿ ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಅದು ಮಾರಾಟದ ಅನುಕೂಲವೇ ಹೊರತು ಹಲ್ಲಿಯ ಮನೆಯಲ್ಲ. ಒಂದು ಹಲ್ಲಿಗೆ 3 ಅಡಿ ಉದ್ದ, 1.5 ಅಡಿ ಅಗಲದ ಪೆಟ್ಟಿಗೆ ಇದ್ದರೆ ಒಳ್ಳೆಯದು. 2 ಅಡಿಗಿಂತ ಕಡಿಮೆ ಉದ್ದ ಸಲ್ಲದು. ಇದು ನೆಲದ ಪ್ರಾಣಿಯಾದ್ದರಿಂದ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ.

ಮೂರನೆಯದು ಶಾಖ. ಹಲ್ಲಿ ನಮ್ಮಂತೆ ಮೈಯೊಳಗೆ ಶಾಖ ಉತ್ಪಾದಿಸಿಕೊಳ್ಳಲಾರದು. ಬಿಸಿ ಬೇಕೆಂದಾಗ ಬಿಸಿಯ ಕಡೆಗೆ, ತಂಪು ಬೇಕೆಂದಾಗ ತಂಪಿನ ಕಡೆಗೆ ಸರಿದು ದೇಹವನ್ನು ಹದದಲ್ಲಿಡುತ್ತದೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದು ತುದಿ ಸುಮಾರು 25 ಡಿಗ್ರಿಯಲ್ಲಿ ಇರಬೇಕು. ಬಿಸಿಯ ಕಡೆ ಶಾಖ ನಿಯಂತ್ರಿಸುವ ಥರ್ಮೋಸ್ಟಾಟ್ ಕಡ್ಡಾಯ. ಅದಿಲ್ಲದ ಬಿಸಿ ಹಾಸಿನ ಮೇಲೆ ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳ ಪಾಡು ದಾರುಣ. ಜೀರ್ಣಕ್ರಿಯೆ ನಡೆಯುವುದೂ ಈ ಶಾಖದಿಂದಲೇ. ಮೈ ತಣ್ಣಗಿದ್ದರೆ ತಿಂದ ಆಹಾರ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಈ ಮಾತನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಬರಲು ಮೂರು ದಿನವಾದೀತು, ವಾರವಾದೀತು. ಗೋಡೆ ಬೆವರುತ್ತದೆ, ಚರ್ಮದ ಚಪ್ಪಲಿಗೆ ಬೂಸ್ಟು ಬರುತ್ತದೆ, ಅಡಿಕೆಯನ್ನು ಅಟ್ಟದ ಮೇಲಿಟ್ಟು ಹೊಗೆ ಕೊಡಬೇಕಾಗುತ್ತದೆ. ಒಣ ಕಲ್ಲುಗುಡ್ಡದಲ್ಲಿ ಹುಟ್ಟಿದ ವಂಶದ ಹಲ್ಲಿಯೊಂದು ಆ ತಿಂಗಳುಗಳಲ್ಲಿ ನಮ್ಮ ಜಗಲಿಯ ಮೂಲೆಯಲ್ಲಿ ಹೇಗಿದ್ದೀತು? ಬೆಂಗಳೂರಿನ ಮಗ 'ಅಮ್ಮಾ, ಸ್ವಲ್ಪ ದಿನ ನೋಡಿಕೋ' ಎಂದು ಪೆಟ್ಟಿಗೆ ಬಿಟ್ಟು ಹೋಗುವ ಮೊದಲು ಯೋಚಿಸಬೇಕಾದ ವಿಷಯ ಇದು.

ನಾಲ್ಕನೆಯದು ಅಡಗುತಾಣ. ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು, ನಡುವೆ ಒದ್ದೆ ಪಾಚಿ ಅಥವಾ ಒದ್ದೆ ಬಟ್ಟೆಯಿಟ್ಟ ಮುಚ್ಚಿದ ಗೂಡು ಒಂದು, ಹೀಗೆ ಮೂರು ಬೇಕು. ಒದ್ದೆಯ ಗೂಡು ಪೊರೆ ಕಳಚಲು. ಅದಿಲ್ಲದಿದ್ದರೆ ಪೊರೆ ಬೆರಳಿನ ತುದಿಯಲ್ಲಿ ಉಳಿದು, ದಾರ ಬಿಗಿದಂತಾಗಿ ಬೆರಳೇ ಉದುರುತ್ತದೆ. ನೆಲಕ್ಕೆ ಸಡಿಲ ಮರಳು ಹಾಕುವುದು ಬೇಡ. ಆಹಾರದೊಡನೆ ನುಂಗಿದ ಮರಳು ಕರುಳನ್ನು ಕಟ್ಟಬಹುದು. ಕಾಗದ, ಕಲ್ಲಿನ ಹಾಸು ಅಥವಾ ಹೆಂಚಿನ ಬಿಲ್ಲೆ ಸಾಕು.

ಐದನೆಯದು ಆಹಾರ. ಇದು ಜೀವಂತ ಕೀಟಗಳನ್ನು ಮಾತ್ರ ತಿನ್ನುತ್ತದೆ. ಹಾಲು, ಅನ್ನ, ಹಣ್ಣು ಕೊಡುವುದು ಅಜ್ಞಾನ. ತೋಟದಲ್ಲಿ ಹಿಡಿದ ಮಿಡತೆಯಾದರೆ ಅಲ್ಲಿ ಕೀಟನಾಶಕ ಹೊಡೆದಿರಬಾರದು. ಸಾಕಿದ ಕೀಟಗಳಲ್ಲಿ ಸುಣ್ಣದ ಅಂಶ ಕಡಿಮೆಯಾದ್ದರಿಂದ ಕ್ಯಾಲ್ಸಿಯಂ ಪುಡಿಯನ್ನೂ ಡಿ3 ಜೀವಸತ್ವವನ್ನೂ ಲೇಪಿಸಿ ಕೊಡಬೇಕು. ಇಲ್ಲವಾದರೆ ಮೂಳೆ ಮೆದುವಾಗಿ ಕಾಲು ಬಾಗುತ್ತದೆ, ದವಡೆ ಜೋತುಬೀಳುತ್ತದೆ. ಹಲ್ಲಿಯನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ ಬೇಕು.

ಆರನೆಯದು, ಇಂದಿನ ಮಾತಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ. 'ಪಾಪ, ಒಂಟಿಯಾಗಿದೆ, ಜೊತೆ ಬೇಡವೇ' ಎಂದು ಮರುಗುವುದು ಮನುಷ್ಯನ ಮನಸ್ಸು. ಹಲ್ಲಿಗೆ ಅಂಥ ಕೊರಗಿಲ್ಲ. ಎರಡು ಗಂಡುಗಳನ್ನು ಒಟ್ಟಿಗಿಟ್ಟರೆ ಕಚ್ಚಾಡಿ ಗಾಯಗೊಳ್ಳುತ್ತವೆ. ಎರಡು ಹೆಣ್ಣುಗಳಿದ್ದರೆ ಬಲವಾದದ್ದು ಬಿಸಿಯ ಜಾಗವನ್ನೂ ಆಹಾರವನ್ನೂ ಹಿಡಿದುಕೊಂಡು ಇನ್ನೊಂದು ಸೊರಗುತ್ತದೆ. ಗಂಡು ಹೆಣ್ಣು ಒಟ್ಟಿಗಿದ್ದರೆ ಹೆಣ್ಣಿಗೆ ಬಿಡುವೇ ಇಲ್ಲ. ಬೇಡದ ಸಂತಾನ ಆರಂಭವಾಗುವುದೂ ಅಲ್ಲಿಂದಲೇ.

ಬೇಡದ ಸಂತಾನ ಹೇಗೆ ಹುಟ್ಟುತ್ತದೆ?

ಮರಿಯಾಗಿರುವಾಗ ಈ ಹಲ್ಲಿ ಗಂಡೋ ಹೆಣ್ಣೋ ಎಂದು ಹೇಳುವುದು ಕಷ್ಟ. ಕೆಲವು ತಿಂಗಳು ಬೆಳೆದ ಮೇಲೆ ಗಂಡಿನ ಹಿಂಗಾಲುಗಳ ನಡುವೆ, ಮಲದ್ವಾರದ ಮುಂದೆ ಬಾಣದ ತುದಿಯಂತೆ ಸಾಲಾಗಿ ರಂಧ್ರಗಳು ಕಾಣುತ್ತವೆ, ಬಾಲದ ಬುಡ ಉಬ್ಬುತ್ತದೆ. ಆದರೆ ಮಾರಾಟವಾಗುವುದು ಮರಿಗಳೇ. 'ಎರಡೂ ಹೆಣ್ಣು' ಎಂಬ ಮಾತು ನಂಬಿ ತಂದು ಒಂದೇ ಪೆಟ್ಟಿಗೆಯಲ್ಲಿಟ್ಟವರ ಮನೆಯಲ್ಲಿ ಒಂದು ವರ್ಷದೊಳಗೆ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ.

ಪ್ರಕೃತಿಯ ಒಂದು ವಿಸ್ಮಯವನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ನಮ್ಮಲ್ಲಿ ಮಗು ಹೆಣ್ಣೋ ಗಂಡೋ ಎಂಬುದು ವರ್ಣತಂತುಗಳಿಂದ ನಿರ್ಧಾರವಾಗುತ್ತದೆ. ಈ ಹಲ್ಲಿಯಲ್ಲಿ ಅದನ್ನು ನಿರ್ಧರಿಸುವುದು ಮೊಟ್ಟೆಗೆ ಸಿಗುವ ಶಾಖ. ಪ್ರಯೋಗಾಲಯದ ಅಧ್ಯಯನಗಳ ಪ್ರಕಾರ 26 ಡಿಗ್ರಿಯಲ್ಲಿ ಕಾವು ಸಿಕ್ಕ ಮೊಟ್ಟೆಗಳಿಂದ ಹೆಣ್ಣುಗಳೇ ಬರುತ್ತವೆ. 30 ಡಿಗ್ರಿಯಲ್ಲಿ ಸುಮಾರು ಕಾಲು ಭಾಗ ಗಂಡು. 32.5 ಡಿಗ್ರಿಯಲ್ಲಿ ಸುಮಾರು ಮುಕ್ಕಾಲು ಭಾಗ ಗಂಡು. ಶಾಖ 34 ಡಿಗ್ರಿ ದಾಟಿದರೆ ಮತ್ತೆ ಬಹುಪಾಲು ಹೆಣ್ಣು! ಇದರ ಪರಿಣಾಮವೇನು? ಪೆಟ್ಟಿಗೆಯ ತಂಪು ಮೂಲೆಯಲ್ಲಿ, ಯಾರ ಗಮನಕ್ಕೂ ಬಾರದೆ ಒದ್ದೆಯ ಗೂಡಿನಲ್ಲಿ ಉಳಿದ ಮೊಟ್ಟೆ ಒಡೆದರೆ ಹೊರಬರುವುದು ಹೆಚ್ಚಾಗಿ ಹೆಣ್ಣು ಮರಿ. ಅದೂ ಮುಂದೆ ಮೊಟ್ಟೆಯಿಡುವ ಜೀವ.

ಹೆಣ್ಣು ಒಂದು ಸಲಕ್ಕೆ ಸಾಮಾನ್ಯವಾಗಿ 2 ಮೊಟ್ಟೆಗಳನ್ನಿಡುತ್ತದೆ. 'ಎರಡೇ ತಾನೆ' ಎನ್ನಬೇಡಿ. ಒಂದು ಋತುವಿನಲ್ಲಿ ಅದು ಹಲವು ಸಲ ಮೊಟ್ಟೆಯಿಡುತ್ತದೆ. ಲೆಕ್ಕಕ್ಕಾಗಿ ವರ್ಷಕ್ಕೆ 5 ಸಲ ಎಂದಿಟ್ಟುಕೊಳ್ಳೋಣ. ಎಲ್ಲ ಮೊಟ್ಟೆಯೂ ಒಡೆದು, ಅರ್ಧ ಹೆಣ್ಣಾದರೆ, ಮೊದಲ ವರ್ಷ 10 ಮರಿ. ಮರುವರ್ಷ ತಾಯಿ ಮತ್ತು 5 ಹೆಣ್ಣುಮಕ್ಕಳು ಸೇರಿ 60 ಮರಿ. ಮೂರನೆಯ ವರ್ಷ 36 ಹೆಣ್ಣುಗಳಿಂದ 360 ಮರಿ. ಎಲ್ಲವೂ ಬದುಕುವುದಿಲ್ಲ, ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ, ನಿಜ. ಆದರೆ ಇದರ ಹತ್ತನೆಯ ಒಂದು ಪಾಲು ಉಳಿದರೂ, ಪ್ರತಿಯೊಂದಕ್ಕೂ ಬೇರೆ ಪೆಟ್ಟಿಗೆ, ಬೇರೆ ಶಾಖ, 20 ವರ್ಷದ ಆಹಾರ ಯಾರು ಕೊಡುತ್ತಾರೆ? ಮೊದಲ ಮರಿಗಳನ್ನು ಸ್ನೇಹಿತರು ಆಸೆಯಿಂದ ಕೊಂಡುಹೋಗುತ್ತಾರೆ. ಎರಡನೆಯ ವರ್ಷಕ್ಕೆ ಸ್ನೇಹಿತರು ಮುಗಿಯುತ್ತಾರೆ.

ಇನ್ನೊಂದು ಸಂಗತಿ. ಈ ಹಲ್ಲಿಯ ಹೆಣ್ಣು ಗಂಡಿನ ವೀರ್ಯವನ್ನು ದೇಹದಲ್ಲಿ ಕೂಡಿಟ್ಟುಕೊಳ್ಳಬಲ್ಲದು. ಗಂಡನ್ನು ಬೇರ್ಪಡಿಸಿದ ಮೇಲೂ ತಿಂಗಳುಗಳ ಕಾಲ ಫಲಿತ ಮೊಟ್ಟೆಗಳು ಬರುತ್ತಿರಬಹುದು. ಗಂಡನ್ನು ಕಾಣದ ಹೆಣ್ಣೂ ಫಲಿಸದ ಮೊಟ್ಟೆಗಳನ್ನಿಡುವುದುಂಟು. ಎರಡೂ ಸಂದರ್ಭದಲ್ಲಿ ತಾಯಿಯ ಮೂಳೆಯ ಸುಣ್ಣವೇ ಮೊಟ್ಟೆಗೆ ಹರಿಯುತ್ತದೆ. ಬಿಡುವಿಲ್ಲದೆ ಮೊಟ್ಟೆಯಿಟ್ಟ ಹೆಣ್ಣಿನ ಬಾಲ ಬತ್ತಿ ಕಡ್ಡಿಯಂತಾಗುತ್ತದೆ. ಕೆಲವೊಮ್ಮೆ ಮೊಟ್ಟೆ ಹೊರಬಾರದೆ ಒಳಗೇ ಸಿಕ್ಕಿ ಸಾಯುತ್ತದೆ. ಬೇಡದ ಸಂತಾನದ ಮೊದಲ ಬಲಿ ತಾಯಿಯೇ.

ಮೊಟ್ಟೆಯ ಪ್ರಶ್ನೆ

'ಹಾಗಾದರೆ ಇಟ್ಟ ಮೊಟ್ಟೆಯನ್ನು ಏನು ಮಾಡಬೇಕು?' ಎಂಬುದು ವಿದ್ಯಾರ್ಥಿಗಳು ಸಹಜವಾಗಿ ಕೇಳುವ ಪ್ರಶ್ನೆ. ಜವಾಬ್ದಾರಿಯುತ ಸಾಕಣೆದಾರರು ಅನುಸರಿಸುವ ಕ್ರಮವೆಂದರೆ, ಮೊಟ್ಟೆಯಿಟ್ಟ ದಿನವೇ ಅದನ್ನು ಫ್ರೀಜರಿನಲ್ಲಿಟ್ಟು ಕೆಲವು ದಿನಗಳ ಬಳಿಕ ಮಣ್ಣಿನಲ್ಲಿ ಹೂಳುವುದು. ಆಗ ಭ್ರೂಣ ಇನ್ನೂ ಆರಂಭದ ಹಂತದಲ್ಲಿರುತ್ತದೆ. ವಾರಗಟ್ಟಲೆ ತಡಮಾಡಿ, ಮರಿ ರೂಪುಗೊಂಡ ಮೇಲೆ ಹಾಗೆ ಮಾಡುವುದು ಸಲ್ಲದು.

ಇದು ಹಿಂಸೆಯಲ್ಲವೇ ಎಂದು ಕೇಳಿದರೆ ನಾನು ಹಗುರವಾಗಿ ಉತ್ತರಿಸಲಾರೆ. ಜೀವದ ಬಗ್ಗೆ ಗೌರವವಿರುವ ಯಾರ ಕೈಯೂ ಇಲ್ಲಿ ತಡೆಯುತ್ತದೆ, ತಡೆಯಬೇಕು ಕೂಡ. ಆದರೆ ಮೊಟ್ಟೆಯನ್ನು ಉಳಿಸಿ, ಹುಟ್ಟಿದ ಮರಿಯನ್ನು ಹೇಗೆ ಸಾಕಬೇಕೆಂದು ತಿಳಿಯದವರ ಕೈಗೆ ಕೊಡುವುದು, ಮೂಳೆ ಬಾಗಿ ವರ್ಷಗಟ್ಟಲೆ ನರಳುವಂತೆ ಮಾಡುವುದು, ಕೊನೆಗೆ ರಸ್ತೆಯಂಚಿನಲ್ಲಿ ಬಿಡುವುದು ಅಹಿಂಸೆಯೇ? ಕಣ್ಣಿಗೆ ಕಾಣದ ಹಿಂಸೆಯೂ ಹಿಂಸೆಯೇ. ಈ ಇಕ್ಕಟ್ಟಿಗೆ ನಿಜವಾದ ಪರಿಹಾರ, ಅಂಥ ಪ್ರಸಂಗವೇ ಬಾರದಂತೆ ಮೊದಲ ದಿನದಿಂದಲೇ ಹಲ್ಲಿಗಳನ್ನು ಬೇರೆಬೇರೆ ಇಡುವುದು. ಫ್ರೀಜರಿನ ಬಾಗಿಲವರೆಗೆ ಹೋಗುವ ಮೊದಲು ತೆಗೆದುಕೊಳ್ಳಬಹುದಾದ ನಿರ್ಧಾರ ಅದು.

ಬಣ್ಣದ ಹಂಬಲ

ಬೇಡದ ಸಂತಾನ ಅಜ್ಞಾನದಿಂದ ಹುಟ್ಟಿದರೆ, ಬೇಕೆಂದೇ ಹುಟ್ಟಿಸುವ ಸಂತಾನ ಕೆಲವೊಮ್ಮೆ ದುರಾಸೆಯಿಂದ ಹುಟ್ಟುತ್ತದೆ. ಕಾಡಿನ ಚಿರತೆ ಹಲ್ಲಿಯ ಹಳದಿ ಕಪ್ಪು ಬಣ್ಣ ಮಾರುಕಟ್ಟೆಗೆ ಸಾಕಾಗಲಿಲ್ಲ. ಬಿಳಿ, ಕಿತ್ತಳೆ, ಚುಕ್ಕೆಯಿಲ್ಲದ ತಳಿಗಳಿಗಾಗಿ ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸುತ್ತ ಹೋದರು. 'ಎನಿಗ್ಮಾ' ಎಂಬ ತಳಿಯ ಹಲ್ಲಿಗಳು ತಲೆ ಓರೆಯಾಗಿ, ಇದ್ದಲ್ಲೇ ಗಿರಕಿ ಹೊಡೆಯುವ ನರದೋಷಕ್ಕೆ ಹೆಸರಾಗಿವೆ.

ಅದಕ್ಕಿಂತ ಮನಮುಟ್ಟುವ ಉದಾಹರಣೆ 'ಲೆಮನ್ ಫ್ರಾಸ್ಟ್' ಎಂಬ ತಳಿಯದು. ಹಿಮ ಮುಸುಕಿದ ನಿಂಬೆಹಣ್ಣಿನಂತೆ ಹೊಳೆಯುವ ಬಣ್ಣ. ಅಮೆರಿಕದಲ್ಲಿ ಇದು ಅತಿ ಹೆಚ್ಚು ಬೆಲೆಗೆ ಹೋಯಿತು. ಸ್ವಲ್ಪ ಕಾಲದಲ್ಲಿ ಆ ಹಲ್ಲಿಗಳ ಚರ್ಮದಲ್ಲಿ ಬಿಳಿಯ ಗಂಟುಗಳು ಕಾಣಿಸಿಕೊಂಡವು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆ ಬಣ್ಣಕ್ಕೂ ಆ ಗಂತಿಗಳಿಗೂ ಒಂದೇ ವಂಶವಾಹಿ ಪ್ರದೇಶದ ನಂಟಿದೆಯೆಂದು ತೋರಿಸಿತು. ಸ್ಪಿಂಟ್-1 ಎಂಬ ವಂಶವಾಹಿಯ ಕಡೆಗೆ ಅದು ಬೆರಳು ಮಾಡಿತು. ಈ ತಳಿಯ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಹಲ್ಲಿಗಳಲ್ಲಿ ಗಂತಿ ಬೆಳೆಯುತ್ತದೆ. ಬಣ್ಣ ಬೇರೆ, ರೋಗ ಬೇರೆ ಅಲ್ಲ. ಯಾವುದು ಕಣ್ಣಿಗೆ ಚೆಂದವೋ ಅದೇ ಜೀವಕ್ಕೆ ಮುಳ್ಳು. ಸೊಬಗಿಗಾಗಿ ಜೀವವನ್ನು ತಿದ್ದುವ ನಮ್ಮ ಚಪಲಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಬೆಟ್ಟಕ್ಕೆ ಏಕೆ ಬಿಡಬಾರದು?

ಈಗ ನಮ್ಮ ಬಾಗಿಲಿಗೆ ಬರೋಣ. 'ಹಲ್ಲಿ ಕಾಡಿನದೇ ತಾನೆ, ಕಾಡಿಗೆ ಬಿಟ್ಟರೆ ಸ್ವತಂತ್ರವಾಗಿ ಬದುಕೀತು' ಎಂಬುದು ಒಳ್ಳೆಯ ಮನಸ್ಸಿನ ಮಾತು. ಆದರೆ ಕಾಡು ಎಂಬುದು ಎಲ್ಲೆಡೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಒಣ ಕಲ್ಲಿನ ಸಂದಿಗೆ ಹೊಂದಿದ ಜೀವವನ್ನು ಅಂಥ ನೆಲದಲ್ಲಿ ಬಿಡುವುದೆಂದರೆ ಮೀನನ್ನು ಅಂಗಳದಲ್ಲಿ ಬಿಟ್ಟಂತೆ. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಹಲ್ಲಿಗೆ ಶತ್ರುವಿನ ಪರಿಚಯವೂ ಇಲ್ಲ. ಬಹುತೇಕ ಅದು ಸಾಯುತ್ತದೆ.

ಬಹುತೇಕ ಎಂದೆ. ಸತ್ತರೂ ಅದು ತಂದ ರೋಗ ಸಾಯಬೇಕೆಂದಿಲ್ಲ. ಸಾಕಿದ ಚಿರತೆ ಹಲ್ಲಿಗಳನ್ನು ಕಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಕರುಳಿನ ಪರಾವಲಂಬಿಗೆ ಖಚಿತವಾದ ಮದ್ದಿಲ್ಲ. ಅದು ಮಲದ ಮೂಲಕ ಹರಡುತ್ತದೆ. ನಮ್ಮ ಘಟ್ಟಗಳು ಹಲ್ಲಿಗಳ ಸಿರಿಮನೆ. ಬಂಡೆಗಳ ಮೇಲೆ ಹಗಲಿನಲ್ಲಿ ಓಡಾಡುವ ನಿಮಾಸ್ಪಿಸ್ ಕುಲದ ಪುಟ್ಟ ಹಲ್ಲಿಗಳಿವೆ. ಅವುಗಳಲ್ಲಿ ಕೆಲವು ಒಂದೇ ಬೆಟ್ಟಕ್ಕೆ ಸೀಮಿತ. 1935ರಲ್ಲಿ ಮಾಲ್ಕಂ ಸ್ಮಿತ್ ವರ್ಣಿಸಿದ ಹೆಮಿಡ್ಯಾಕ್ಟೈಲಸ್ ಪ್ರಶಾದಿ ಎಂಬ ಹಲ್ಲಿ ಮೊದಲು ದೊರೆತದ್ದು ನಮ್ಮ ಜೋಗದ ಪರಿಸರದಲ್ಲಿ. ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲುವ ಹಾರುವ ಓತಿ ಬೇರೆ ಇದೆ. ಇವು ಯಾವುವೂ ನೋಡಿರದ ರೋಗವೊಂದನ್ನು ಅವುಗಳ ನೆರೆಗೆ ತಂದಿಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಒಣ ಬಯಲುಸೀಮೆಯಲ್ಲಿ ಬಿಟ್ಟರೆ ಅಪಾಯ ಇನ್ನೊಂದು ಬಗೆಯದು. ಅಲ್ಲಿ ಅದು ಬದುಕುವ ಸಂಭವ ಹೆಚ್ಚು, ಅಲ್ಲಿಯೇ ಅದರ ಹತ್ತಿರದ ಸಂಬಂಧಿ ಯೂಬ್ಲೆಫಾರಿಸ್ ಫಸ್ಕಸ್ ಕೂಡ ಇದೆ. ತಿದ್ದಿದ ತಳಿಯ ಸಾಕುಹಲ್ಲಿ ಅದರೊಡನೆ ಬೆರೆಯಲಾರದೆಂದು ಯಾರೂ ಭರವಸೆ ಕೊಡಲಾರರು.

ಹೊರಗಿನ ಒಂದು ಜೀವ ಏನು ಮಾಡೀತು ಎಂಬುದಕ್ಕೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ದೇಶಕ್ಕೆ ತಂದ ಲಂಟಾನ ಇಂದು ನಮ್ಮ ಬ್ಯಾಣಗಳಲ್ಲಿ ದನಕ್ಕೆ ಹುಲ್ಲಿಲ್ಲದಂತೆ ಮಾಡಿದೆ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿಯ ಮೂಲಕ ಮಾರಿಷಸ್‌ನಿಂದ ಕಲ್ಕತ್ತೆಯ ತೋಟಕ್ಕೆ ಬಂದ ಆಫ್ರಿಕದ ದೈತ್ಯ ಬಸವನಹುಳು ಇಂದು ಕೊಡಗಿನ ಕಾಫಿ ತೋಟಗಳವರೆಗೆ ತಲುಪಿ ಬೆಳೆಗಾರರ ನಿದ್ದೆ ಕೆಡಿಸಿದೆ. ತಂದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವರಿಗೆ ಅದೊಂದು ಹವ್ಯಾಸ. ನಮಗೆ ಅದು ಪೀಳಿಗೆಗಳ ಹೊರೆ. ಚಿರತೆ ಹಲ್ಲಿ ಲಂಟಾನದಂತೆ ಹಬ್ಬುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಯಾವುದು ಹಬ್ಬುತ್ತದೆ, ಯಾವುದು ಹಬ್ಬುವುದಿಲ್ಲ ಎಂಬುದು ಬಿಟ್ಟ ಮೇಲೆಯೇ ತಿಳಿಯುವುದಾದ್ದರಿಂದ ಬಿಡದಿರುವುದೇ ವಿವೇಕ.

ವ್ಯಾಪಾರದ ದಾರಿ ಮತ್ತು ಕಾನೂನು

ಈ ಹವ್ಯಾಸದ ಹಿಂದೆ ಒಂದು ದೊಡ್ಡ ವ್ಯಾಪಾರವಿದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ಜೀವಿಗಳು ಸಿಕ್ಕವು. ಅವುಗಳಲ್ಲಿ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು. ಮರುತಿಂಗಳು ಅದೇ ನಿಲ್ದಾಣದಲ್ಲಿ 55 ಹೆಬ್ಬಾವಿನ ಮರಿಗಳು, 17 ಕಾಳಿಂಗ ಸರ್ಪಗಳು, ಸತ್ತ 6 ಕಪುಚಿನ್ ಕೋತಿಗಳು ದೊರೆತವು. ಕಾಳಿಂಗ! ನಮ್ಮ ಹಾಡಿಯಲ್ಲಿ ಕಂಡರೆ ಕೈಮುಗಿದು ದಾರಿಬಿಡುವ ಜೀವ. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟು ಓಫಿಯೋಫೇಗಸ್ ಕಾಳಿಂಗ ಎಂದರು. ಅಂಥ ಜೀವದ ಬಳಗವೂ ಈಗ ಸೂಟ್‌ಕೇಸಿನ ಸರಕು. ಹೊರಗಿನದನ್ನು ಒಳಗೆ ತರುವ ದಾರಿ, ಒಳಗಿನದನ್ನು ಹೊರಗೆ ಸಾಗಿಸುವ ದಾರಿಯೂ ಆಗಬಲ್ಲದು. ಕೊಳ್ಳುವವರಿರುವವರೆಗೆ ಆ ದಾರಿ ಮುಚ್ಚುವುದಿಲ್ಲ.

ಕಾನೂನು ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಅದರ ನಾಲ್ಕನೆಯ ಅನುಸೂಚಿಗೆ ತರಲಾಗಿದೆ. ಅಂಥವನ್ನು ಸಾಕಿದವರು ಪರಿವೇಶ್ ಎಂಬ ಸರಕಾರಿ ಜಾಲತಾಣದ ಮೂಲಕ ನೋಂದಾಯಿಸಬೇಕೆಂಬ ನಿಯಮ 2024ರ ಫೆಬ್ರವರಿಯಲ್ಲಿ ಹೊರಬಂದಿದೆ. ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2018ರ ನಿಯಮ ಹೇಳುತ್ತದೆ. ಯಾವ ಜೀವಿ ಯಾವ ಅನುಸೂಚಿಯಲ್ಲಿದೆ ಎಂಬುದನ್ನು ತರುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ನಮ್ಮ ಬೆಟ್ಟದ, ಬಯಲಿನ ಕಾಡುಹಲ್ಲಿಗಳನ್ನಂತೂ ಯಾವ ಕಾರಣಕ್ಕೂ ಹಿಡಿಯಕೂಡದು.

ನಾವು ಮಾಡಬೇಕಾದುದು

ಗ್ರಾಮಸ್ಥರಲ್ಲಿ ನನ್ನ ವಿನಂತಿಗಳು ಕೆಲವೇ. ಪೇಟೆಯಿಂದ ಬರುವ ಮಕ್ಕಳು, ನೆಂಟರು ಇಂಥ ಜೀವಿಯನ್ನು ತಂದು 'ಇಲ್ಲಿ ಬಿಡೋಣ' ಎಂದರೆ ನಯವಾಗಿ, ಆದರೆ ಸ್ಪಷ್ಟವಾಗಿ ಬೇಡವೆನ್ನಿ. ತಂದ ಹಲ್ಲಿಯನ್ನು ಹೊಡೆದು ಕೊಲ್ಲಲೂಬೇಡಿ; ಅದರದೇನೂ ತಪ್ಪಿಲ್ಲ. ಮಾರಿದವರಿಗೇ ಹಿಂದಿರುಗಿಸಲು, ಅನುಭವವುಳ್ಳ ಸಾಕಣೆದಾರರಿಗೆ ಒಪ್ಪಿಸಲು ಹೇಳಿ. ಕಾಯಿಲೆಯಿದ್ದರೆ ಶಿವಮೊಗ್ಗದ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಲಹೆ ಕೇಳಬಹುದು. ತೋಟದಲ್ಲೋ ರಸ್ತೆಯಂಚಿನಲ್ಲೋ ಪರಿಚಯವಿಲ್ಲದ ಹಲ್ಲಿ, ಆಮೆ, ಹಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಗ್ರಾಮಸಭೆಯಲ್ಲಿ ಈ ವಿಷಯ ಒಮ್ಮೆ ಚರ್ಚೆಗೆ ಬರಲಿ. ಮಂಗಗಳನ್ನು ತಂದು ಬಿಡುವುದನ್ನು ವಿರೋಧಿಸಿದ ದನಿಯೇ ಇಲ್ಲಿಯೂ ಕೇಳಲಿ.

ವಿದ್ಯಾರ್ಥಿಗಳಿಗೆ ನನ್ನದೊಂದು ಬೇರೆ ಕೋರಿಕೆ. ಹಲ್ಲಿಯ ಬಗ್ಗೆ ಕುತೂಹಲ ಹುಟ್ಟಿದ್ದರೆ ಅದು ಒಳ್ಳೆಯ ಸಂಗತಿ. ಅದನ್ನು ಕೊಳ್ಳುವುದರಲ್ಲಿ ಕಳೆಯಬೇಡಿ, ನೋಡುವುದರಲ್ಲಿ ಬೆಳೆಸಿ. ಮನೆಯ ದೀಪದ ಬಳಿ ಎಷ್ಟು ಬಗೆಯ ಹಲ್ಲಿಗಳು ಬರುತ್ತವೆ? ಹಳೆಯ ದೇವಸ್ಥಾನದ ಕಲ್ಲುಗೋಡೆಯಲ್ಲಿ ಯಾವುದಿದೆ, ಹೊಳೆಯಂಚಿನ ಬಂಡೆಯ ಮೇಲೆ ಯಾವುದಿದೆ? ಯಾವ ತಿಂಗಳಲ್ಲಿ ಮೊಟ್ಟೆಗಳು ಕಾಣುತ್ತವೆ? ಒಂದು ಟಾರ್ಚು, ಒಂದು ನೋಟುಪುಸ್ತಕ, ದೊಡ್ಡವರೊಬ್ಬರ ಜೊತೆ, ಇಷ್ಟಿದ್ದರೆ ಸಾಕು. ಕಲ್ಲುಗಳನ್ನು ಎತ್ತಿದರೆ ಮತ್ತೆ ಹಾಗೆಯೇ ಇಡಿ, ಕೈಯಿಂದ ಹಿಡಿಯಬೇಡಿ. ಒಂದು ವರ್ಷ ಹೀಗೆ ಬರೆದಿಟ್ಟರೆ ನಿಮ್ಮ ಊರಿನ ಹಲ್ಲಿಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಗ್ರಾಮ ಪಂಚಾಯತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಅದಕ್ಕೆ ಸ್ಥಾನವಿದೆ. ಬೇರೆ ದೇಶದ ಹಲ್ಲಿಗೆ ಸಾವಿರಾರು ರೂಪಾಯಿ ಕೊಡುವ ಕಾಲದಲ್ಲಿ, ನಮ್ಮ ಬಂಡೆಯ ಹಲ್ಲಿಗೆ ಹೆಸರನ್ನಾದರೂ ಕೊಡೋಣ.

ಮಾತು ಮುಗಿಸುತ್ತೇನೆ. ಸಾಕುವುದು ಪ್ರೀತಿಯಿಂದ ಆರಂಭವಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಪ್ರೀತಿಗೆ ಒಂದು ಎಲ್ಲೆ ಬೇಕು. ಎಷ್ಟು ಜೀವಗಳನ್ನು ಕೊನೆಯವರೆಗೆ ನೋಡಿಕೊಳ್ಳಬಲ್ಲೆನೋ ಅಷ್ಟು ಮಾತ್ರ, ಅದಕ್ಕಿಂತ ಒಂದು ಮೊಟ್ಟೆಯೂ ಹೆಚ್ಚಲ್ಲ ಎಂಬುದು ಆ ಎಲ್ಲೆ. ಅದನ್ನು ಪಾಲಿಸುವವರ ಮನೆಯ ಹಲ್ಲಿ ಸುಖವಾಗಿರುತ್ತದೆ, ನಮ್ಮ ಬೆಟ್ಟವೂ ಸುಖವಾಗಿರುತ್ತದೆ. ನಮ್ಮ ಕಾಡು ಯಾರದೋ ಮನೆಯಲ್ಲಿ ಬೇಡವಾದದ್ದನ್ನು ಎಸೆಯುವ ಹಿತ್ತಿಲಲ್ಲ ಎಂಬುದನ್ನು ಪೇಟೆಗೆ ಹೇಳುವ ಕೆಲಸ ನಮ್ಮದು. ಮೊದಲು ನಮ್ಮ ಮಕ್ಕಳಿಗೆ ಹೇಳೋಣ.